ಮೂರು ಅಂಕದ ಗಾದೆ

ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರೆ ನಾನು ಮೊದಲು ತಿದ್ದುವುದು ಗಾದೆಯ ಪ್ರಶ್ನೆ. ಅದು ಬೇಗ ಮುಗಿಯುತ್ತದೆ. ನಿಜ ಹೇಳಬೇಕೆಂದರೆ ಅಲ್ಲಿ ಓದುವ ಕೆಲಸವೇ ಇರುವುದಿಲ್ಲ. "ಗಾದೆಗಳು ವೇದಗಳಿಗೆ ಸಮಾನ. ಗಾದೆಗಳು ಹಿರಿಯರ ಅನುಭವದ ನುಡಿಮುತ್ತುಗಳು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಅಂತಹ ಗಾದೆಗಳಲ್ಲಿ ಇದೂ ಒಂದಾಗಿದೆ." ಇಷ್ಟಕ್ಕೆ ಒಂದು ಅಂಕ. ಆಮೇಲೆ ನಾಲ್ಕು ಸಾಲು ವಿವರಣೆ, ಅದಕ್ಕೊಂದು. ಕೊನೆಯಲ್ಲಿ "ಆದ್ದರಿಂದ ನಾವೆಲ್ಲರೂ ಕಷ್ಟಪಟ್ಟು ದುಡಿಯಬೇಕು ಎಂಬುದೇ ಈ ಗಾದೆಯ ಆಶಯ", ಅದಕ್ಕೆ ಇನ್ನೊಂದು. ಮೂರಕ್ಕೆ ಮೂರು. ಕನ್ನಡ ಮಾಧ್ಯಮದಲ್ಲಿ ಓದಿದ ಯಾರನ್ನಾದರೂ ಮಧ್ಯರಾತ್ರಿ ಎಬ್ಬಿಸಿ ಕೇಳಿ, ಆ ಮೊದಲ ನಾಲ್ಕು ವಾಕ್ಯ ತಡವರಿಸದೆ ಹೇಳುತ್ತಾರೆ.

ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸುತ್ತಾ ಇಪ್ಪತ್ತನಾಲ್ಕು ವರ್ಷವಾಯಿತು. ಆ ನಾಲ್ಕು ವಾಕ್ಯಗಳನ್ನು ಅದೆಷ್ಟು ಸಾವಿರ ಸಲ ಓದಿದ್ದೇನೋ. ಬೇಸರವೇನೂ ಇರಲಿಲ್ಲ, ಯಾಕೆಂದರೆ ಮಕ್ಕಳಿಗೆ ಅವನ್ನು ಬರೆಸಿದವಳು ನಾನೇ. ನನಗೆ ಬರೆಸಿದವರು ನನ್ನ ಮೇಷ್ಟ್ರು.

ಮೂರು ವರ್ಷದ ಹಿಂದೆ ಒಂಬತ್ತನೇ ತರಗತಿಗೆ ಕೊಟ್ಟಿದ್ದ ಒಂದು ಕಿರುಪರೀಕ್ಷೆಯಲ್ಲಿ ಗಾದೆ "ಕೈ ಕೆಸರಾದರೆ ಬಾಯಿ ಮೊಸರು". ಐವತ್ತೆರಡು ಪತ್ರಿಕೆ. ಟಿಕ್ಕು ಹಾಕುತ್ತಾ ಹಾಕುತ್ತಾ ಒಂದರಲ್ಲಿ ಕೈ ನಿಂತಿತು. ಶುರುವಿನಲ್ಲಿ ವೇದವೂ ಇಲ್ಲ, ನುಡಿಮುತ್ತೂ ಇಲ್ಲ. ಹುಡುಗಿ ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ನಮ್ಮ ಅಮ್ಮ ನಾಟಿ ಕೆಲಸಕ್ಕೆ ಹೋಗುತ್ತಾರೆ. ಅವರ ಕೈ ಕೆಸರಾಗುತ್ತದೆ. ಕಾಲೂ ಕೆಸರಾಗುತ್ತದೆ. ಮೊಸರು ಗದ್ದೆ ಎಜಮಾನರ ಮನೆಯಲ್ಲಿ ಇದೆ. ಅವರ ಕೈಯಲ್ಲಿ ಕೆಸರು ಇಲ್ಲ. ದುಡಿದವರಿಗೆ ಮೊಸರು ಸಿಗಬೇಕು ಎಂದು ಗಾದೆ ಹೇಳಿದರೆ ಸರಿ. ಸಿಗುತ್ತದೆ ಎಂದು ಹೇಳಿದರೆ ಸುಳ್ಳು."

ನಾನು ಏನು ಮಾಡಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. "ಎಜಮಾನ"ಕ್ಕೆ ಕೆಂಪು ಸುತ್ತು ಹಾಕಿದೆ. ಪಕ್ಕದಲ್ಲಿ "ವಿಷಯಾಂತರ" ಎಂದು ಬರೆದೆ. ಮೂರಕ್ಕೆ ಒಂದು ಕೊಟ್ಟೆ. ಮುಂದಿನ ಪತ್ರಿಕೆ ತೆಗೆದುಕೊಂಡೆ.

ಪತ್ರಿಕೆ ಹಂಚಿದ ದಿನ ಅವಳು ಜಗಳವಾಡಲಿಲ್ಲ, ಅಂಕ ಹೆಚ್ಚಿಸಿ ಎಂದೂ ಕೇಳಲಿಲ್ಲ. ಮೇಜಿನ ಹತ್ತಿರ ಬಂದು ಸಣ್ಣ ದನಿಯಲ್ಲಿ "ಮೇಡಂ, ನಾನು ಬರೆದಿದ್ದು ಸುಳ್ಳಾ?" ಅಂದಳು. ಸುಳ್ಳಲ್ಲಮ್ಮ, ಆದರೆ ಹಾಗೆ ಬರೆಯಬಾರದು ಅಂದೆ. ಅವಳು ತಲೆಯಾಡಿಸಿ ಹೋಗಿ ಕುಳಿತಳು. ನನ್ನ ಬಾಯಿಂದ ಬಂದ ಆ ವಾಕ್ಯ ಮಾತ್ರ ಸಂಜೆವರೆಗೂ ನನ್ನ ಹಿಂದೆಯೇ ಸುತ್ತಿತು. ಸುಳ್ಳಲ್ಲ, ಆದರೆ ಬರೆಯಬಾರದು. ಭಾಷೆ ಕಲಿಸುವವಳು ಆಡುವ ಮಾತೇ ಇದು?

ಅವಳ ಆ ಆರೇಳು ಸಾಲಿನಲ್ಲಿ ಏನಿತ್ತು ಅಂತ ಆಮೇಲೆ ನಿಧಾನವಾಗಿ ನೋಡಿದೆ. ಒಂದು ಹೇಳಿಕೆಯನ್ನು ತಾನು ಕಣ್ಣಾರೆ ಕಂಡದ್ದರ ಜೊತೆ ಇಟ್ಟು ನೋಡಿದ್ದಾಳೆ. ಹೊಂದುತ್ತಿಲ್ಲ ಅಂತ ಕಂಡಿದೆ. ಹಾಗಂತ ಗಾದೆಯನ್ನು ಎತ್ತಿ ಎಸೆದಿಲ್ಲ. ಅದಕ್ಕೆ ಎರಡು ಅರ್ಥ ಇರಬಹುದು ಅಂತ ಬಿಡಿಸಿದ್ದಾಳೆ. "ಸಿಗಬೇಕು" ಬೇರೆ, "ಸಿಗುತ್ತದೆ" ಬೇರೆ. ಒಂದು ವಿಧ್ಯರ್ಥ, ಇನ್ನೊಂದು ಇರುವುದನ್ನು ಹೇಳುವ ಕ್ರಿಯಾಪದ. ಇದೇ ವಿಧ್ಯರ್ಥವನ್ನು ನಾನು ಎರಡು ಪೀರಿಯಡ್ ಪಾಠ ಮಾಡಿದ್ದೆ, "ಮಾಡಲಿ, ಬರಲಿ, ಹೋಗಲಿ" ಅಂತ ಉದಾಹರಣೆ ಬರೆಸಿದ್ದೆ. ವ್ಯಾಕರಣವನ್ನು ನಿಜಕ್ಕೂ ಕೆಲಸಕ್ಕೆ ಹಚ್ಚಿದವಳು ಐವತ್ತೆರಡು ಮಂದಿಯಲ್ಲಿ ಅವಳೊಬ್ಬಳು, ಅವಳಿಗೇ ಒಂದು ಅಂಕ.

ಇದರಲ್ಲಿ ನನ್ನ ಪಾಲಿನ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ. ಆದರೆ ನಾನು ಕೂತಿರುವ ಗಾಡಿ ಹೇಗೆ ಓಡುತ್ತದೆ ಅಂತಲೂ ಹೇಳಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ: ಲಿಖಿತ ಪರೀಕ್ಷೆಗೆ 100, ಆಂತರಿಕ ಮೌಲ್ಯಮಾಪನಕ್ಕೆ 25. ಬೇರೆ ಎಲ್ಲ ವಿಷಯಕ್ಕೂ ನೂರು ನೂರೇ. ಒಟ್ಟು 625ರಲ್ಲಿ ಕನ್ನಡದ್ದೇ ದೊಡ್ಡ ಪಾಲು. ಹಾಗಾಗಿ ಮುಖ್ಯೋಪಾಧ್ಯಾಯರಿಂದ ಹಿಡಿದು ಬಿಇಒ ಕಚೇರಿಯವರೆಗೂ ಎಲ್ಲರಿಗೂ ಕನ್ನಡ ಅಂದರೆ ಶೇಕಡಾವಾರು ಏರಿಸುವ ವಿಷಯ. ಡಿಸೆಂಬರ್ ದಾಟಿದರೆ ಸಾಕು, "ಪಾಸಿಂಗ್ ಪ್ಯಾಕೇಜ್" ಕೈಗೆ ಬರುತ್ತದೆ: ಯಾವ ಪದ್ಯ ಬಾಯಿಪಾಠ, ಯಾವ ಹತ್ತು ಗಾದೆ, ಯಾವ ಎರಡು ಪತ್ರ, ಯಾವ ಮೂರು ಪ್ರಬಂಧ. ಮಕ್ಕಳೂ ಖುಷಿ, ನಾವೂ ಖುಷಿ.

ಪ್ರಶ್ನೆಪತ್ರಿಕೆ ತಯಾರಿಸುವಾಗ ನೀಲನಕ್ಷೆ ಅಂತ ಒಂದು ಹಾಕುತ್ತೇವೆ. ಭಾಷಾ ವಿಷಯದಲ್ಲಿ ಅದರ ಅಂಕಣಗಳು ನಾಲ್ಕು: ಸ್ಮರಣೆ, ಗ್ರಹಿಕೆ, ಅಭಿವ್ಯಕ್ತಿ, ಪ್ರಶಂಸೆ. ಎಷ್ಟೋ ವರ್ಷ ಆ ಅಂಕಣಗಳಿಗೆ ಅಂಕ ತುಂಬಿದ ನನಗೆ ಕೊನೆಯ ಪದ ಕಣ್ಣಿಗೆ ಬಿದ್ದದ್ದು ಆ ಹುಡುಗಿಯ ದೆಸೆಯಿಂದ. ಪ್ರಶಂಸೆ. ಪದ್ಯವನ್ನು ಮೆಚ್ಚಲು ಒಂದು ಅಂಕಣವಿದೆ, ತಕರಾರು ತೆಗೆಯಲು ಇಲ್ಲ. "ಸ್ವಾರಸ್ಯ ವಿವರಿಸಿ" ಅನ್ನುತ್ತೇವೆ. ಸ್ವಾರಸ್ಯ ಇದ್ದೇ ಇದೆ ಅಂತ ಮೊದಲೇ ತೀರ್ಮಾನವಾಗಿದೆ, ಮಗು ಅದನ್ನು ಒಪ್ಪಿ ಸಹಿ ಹಾಕಬೇಕು ಅಷ್ಟೆ. ಕಲ್ಲನಾಗರಕ್ಕೆ ಹಾಲೆರೆಯುವವರು ದಿಟದ ನಾಗರ ಕಂಡರೆ ಕೊಲ್ಲು ಅನ್ನುತ್ತಾರಲ್ಲ ಅಂತ ಬಸವಣ್ಣ 12ನೇ ಶತಮಾನದಲ್ಲಿ ಕೇಳಿದರೆ, ಆ ವಚನದ ಸಾರಾಂಶವನ್ನು ನಾವು ಡಿಕ್ಟೇಶನ್ ಕೊಟ್ಟು ಬರೆಸುತ್ತೇವೆ. ಮಕ್ಕಳು ಅಲ್ಪವಿರಾಮವನ್ನೂ ಬಿಡದೆ ಬರೆದುಕೊಳ್ಳುತ್ತಾರೆ.

ನಮ್ಮಲ್ಲಿ ಕನ್ನಡದ ಬಗ್ಗೆ ಜಗಳಕ್ಕೇನೂ ಬರವಿಲ್ಲ. 1981ರಲ್ಲಿ ಗೋಕಾಕ್ ವರದಿ, 1982ರ ಚಳವಳಿ, ಶಿಕ್ಷಣ ಮಾಧ್ಯಮದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ 2014ರಲ್ಲಿ ಬಂದ ತೀರ್ಪು. 2022ರಲ್ಲಿ ಪಠ್ಯ ಪರಿಷ್ಕರಣೆಯ ಗಲಾಟೆ, 2023ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ಕೆಲವು ಪಾಠಗಳ ಅದಲುಬದಲು. ಇವೆಲ್ಲ ಬೇಡದ ಜಗಳ ಅಂತಲ್ಲ. ಆದರೆ ನಲವತ್ತು ವರ್ಷ ನಾವು ಬಡಿದಾಡಿದ್ದು ಕನ್ನಡ ಎಲ್ಲಿ ಕೂರಬೇಕು, ಯಾವ ಪಾಠ ಒಳಗಿರಬೇಕು, ಯಾವುದು ಹೊರಗೆ ಅಂತ. ಪಾಠ ಯಾವುದೇ ಬರಲಿ, ಅದರ ಕೊನೆಯಲ್ಲಿರುವ "ಒಂದು ವಾಕ್ಯದಲ್ಲಿ ಉತ್ತರಿಸಿ", "ಎಂಟು-ಹತ್ತು ವಾಕ್ಯಗಳಲ್ಲಿ ಉತ್ತರಿಸಿ" ಮಾತ್ರ ಕದಲಲಿಲ್ಲ. ಎಡದವರ ಪಾಠವಾದರೂ ಬಲದವರ ಪಾಠವಾದರೂ ನಾವು ಅದನ್ನು ಬರೆಸಿ, ಬಾಯಿಪಾಠ ಮಾಡಿಸಿ, ಮೂರಕ್ಕೆ ಮೂರು ಕೊಟ್ಟು ಕಳಿಸಿದ್ದೇವೆ. ಯಾವ ಪಾಠವೂ ಮಕ್ಕಳ ಮೈಗೆ ತಾಗದಂತೆ ನೋಡಿಕೊಂಡ ಕೀರ್ತಿ ನಮ್ಮದು.

"ವಿಮರ್ಶಾತ್ಮಕ ಚಿಂತನೆ" ಅನ್ನುವ ಪದ ನಮಗೆ ಹೊಸದಲ್ಲ. ಕಂಠಪಾಠ ಬಿಟ್ಟು ಮಗುವಿನ ಬದುಕಿಗೆ ಕಲಿಕೆಯನ್ನು ಜೋಡಿಸಿ ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2020ರ ಶಿಕ್ಷಣ ನೀತಿಯೂ ವಿಮರ್ಶಾತ್ಮಕ ಚಿಂತನೆಯ ಮಾತಾಡುತ್ತದೆ. ನಮ್ಮ ಪಾಠ ಯೋಜನೆಯ ಪುಸ್ತಕದಲ್ಲೂ 5ಇ ಇದೆ: ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಇನ್ಸ್‌ಪೆಕ್ಷನ್ನಿಗೆ ಬಂದವರು ಅನ್ವೇಷಣೆಯ ಕಲಂ ತುಂಬಿದೆಯೇ ಅಂತ ನೋಡುತ್ತಾರೆ. ತುಂಬಿರುತ್ತದೆ. ಒಂದು ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿ ಪರದೆಯ ಮೇಲೆ "ವಿಮರ್ಶಾತ್ಮಕ ಚಿಂತನೆ ಎಂದರೇನು?" ಅಂತ ಹಾಕಿ, ಅದರ ವ್ಯಾಖ್ಯೆಯನ್ನು ಓದಿ, "ಬರ್ಕೊಂಡ್ರಾ? ಮುಂದಿನ ಸ್ಲೈಡ್‌ಗೆ ಹೋಗ್ಲಾ?" ಅಂದರು. ನಾವು ಅರವತ್ತು ಜನ ಶಿಕ್ಷಕರು ಬರೆದುಕೊಂಡೆವು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ, ಊಟದ ಹೊತ್ತಾಗಿತ್ತು.

ಪ್ರತಿಭಾ ಕಾರಂಜಿಯ ಚರ್ಚಾಸ್ಪರ್ಧೆಯ ಕಥೆಯೂ ಅಷ್ಟೇ. ಪರದ ಭಾಷಣ ಬರೆದುಕೊಡುವವಳೂ ನಾನು, ವಿರೋಧದ್ದೂ ನಾನೇ. ಒಂದು ಸಲ ಮೊದಲನೆಯದಾಗಿ ವೇದಿಕೆ ಹತ್ತಿದ ನಮ್ಮ ಹುಡುಗ "ನನ್ನ ಎದುರಾಳಿ ಮಿತ್ರರು ಈಗತಾನೇ ಹೇಳಿದ ಮಾತನ್ನು ನಾನು ಖಂಡಿಸುತ್ತೇನೆ" ಅಂದ. ಎದುರಾಳಿ ಇನ್ನೂ ಬಾಯೇ ತೆರೆದಿರಲಿಲ್ಲ. ಯಾರೂ ನಗಲಿಲ್ಲ. ಅವನಿಗೆ ಎರಡನೇ ಬಹುಮಾನ ಬಂತು.

ಸರಿ, ಹುಡುಗಿಯ ಪತ್ರಿಕೆಗೆ ಮರಳುತ್ತೇನೆ. ಮುಂದಿನ ವಾರ ನಾನು ತರಗತಿಯಲ್ಲಿ ಒಂದು ಪ್ರಯೋಗ ಮಾಡಿದೆ. ದೊಡ್ಡ ಹೆಸರಿನ ವಿಧಾನವೇನಲ್ಲ. ವ್ಯಾಕರಣದಲ್ಲಿ ಸಂಭಾವನಾರ್ಥಕ ರೂಪ ಬಂದಿತ್ತು: ಬಂದಾನು, ಬಂದಾಳು, ಮಾಡಿಯಾರು. ಎಂದಿನಂತೆ ಪಟ್ಟಿ ಬರೆಸುವ ಬದಲು ಬೋರ್ಡಿನ ಮೇಲೆ "ತಾಳಿದವನು ಬಾಳಿಯಾನು" ಅಂತ ಬರೆದು, ತಾಳಿದವನು ಬಾಳುತ್ತಾನೋ ಇಲ್ಲವೋ ಅಂತ ಕೇಳಿದೆ. ಬಾಳ್ತಾನೆ ಮೇಡಂ ಅಂತ ಕೋರಸ್. ಗಾದೆಯನ್ನು ಇನ್ನೊಂದು ಸಲ ಓದಿ ಅಂದೆ. ಹಿಂದಿನ ಬೆಂಚಿನ ಒಬ್ಬ "ಬಾಳುತ್ತಾನೆ ಅಂತ ಎಲ್ಲಿದೆ? ಬಾಳಿಯಾನು ಅಂತ ಇದೆ. ಬಾಳಿದ್ರೂ ಬಾಳಬಹುದು ಅಷ್ಟೆ" ಅಂದ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಗಾದೆಯೇ ಗ್ಯಾರಂಟಿ ಕೊಟ್ಟಿಲ್ಲ! ಅದನ್ನು ಮಾಡಿದವರು ನಮಗಿಂತ ಹುಷಾರಾಗಿ ಮಾತಾಡಿದ್ದರು. ವೇದವಾಕ್ಯ ಮಾಡಿದವರು ನಾವು.

ಅಲ್ಲಿಂದ "ಅಂತೆ"ಗೆ ಬಂದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕನ್ನಡ ಕಲಿಸುವವರ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಹತಾರ ನನಗೆ ಕಂಡಿಲ್ಲ. ನಮ್ಮ ಭಾಷೆಯಲ್ಲಿ ಕಂಡದ್ದಕ್ಕೂ ಕೇಳಿದ್ದಕ್ಕೂ ಕ್ರಿಯಾಪದದ ಬಾಲದಲ್ಲೇ ವ್ಯತ್ಯಾಸ ತೋರಿಸಬಹುದು. "ಮಳೆ ಬಂತು" ಅಂದರೆ ನಾನು ಹೊಣೆ. "ಮಳೆ ಬಂತಂತೆ" ಅಂದರೆ ಯಾರೋ ಹೇಳಿದರು, ನಾನು ದಾಟಿಸುತ್ತಿದ್ದೇನೆ. ಒಂದು ತುಣುಕು ಸೇರಿಸಿದರೆ ಮಾತಿನ ಹೊಣೆ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಮೂರು ವರ್ಷದ ಮಗುವಿಗೂ ಇದು ಗೊತ್ತು. "ಅಪ್ಪ ಚಾಕಲೇಟ್ ತಂದ" ಅನ್ನುವುದಕ್ಕೂ "ಅಪ್ಪ ಚಾಕಲೇಟ್ ತರ್ತಾನಂತೆ" ಅನ್ನುವುದಕ್ಕೂ ಇರುವ ಅಂತರ ಅದಕ್ಕೆ ಹೊಟ್ಟೆಯಿಂದಲೇ ತಿಳಿಯುತ್ತದೆ. ಬರವಣಿಗೆಗೆ ಬಂದ ಕೂಡಲೇ ಈ "ಅಂತೆ" ಗ್ರಾಮ್ಯವಾಗಿಬಿಡುತ್ತದೆ, ನಾವೇ ಕೆಂಪು ಪೆನ್ನಿನಿಂದ ಹೊಡೆದು ಹಾಕುತ್ತೇವೆ. ದಿನಪತ್ರಿಕೆ, ವಾಟ್ಸಾಪು ಎರಡರಲ್ಲೂ ಅದು ಇಲ್ಲ. ಅಲ್ಲಿ ಎಲ್ಲವೂ ಘಂಟಾಘೋಷ.

ಮಕ್ಕಳಿಗೆ ಮನೆಯ ಫೋನಿಗೆ ಬಂದ ಒಂದೊಂದು ಫಾರ್ವರ್ಡನ್ನು ಬರೆದುಕೊಂಡು ಬರಲು ಹೇಳಿದೆ. ಬಂದವುಗಳಲ್ಲಿ ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂದು ಘೋಷಿಸಿದೆ ಅನ್ನುವ ಹಳೇ ಸಂದೇಶವೂ ಇತ್ತು. ಎಲ್ಲ ಕ್ರಿಯಾಪದಗಳಿಗೂ "ಅಂತೆ" ಸೇರಿಸಿ ಗಟ್ಟಿಯಾಗಿ ಓದಿ ಅಂದೆ. "ಯುನೆಸ್ಕೊ ಘೋಷಿಸಿದೆಯಂತೆ." ಓದಿದ ಕೂಡಲೇ ಇನ್ನೊಬ್ಬಳು "ಯಾರು ಹೇಳಿದ್ರಂತೆ?" ಅಂದಳು. ಆ ಒಂದು ಪ್ರಶ್ನೆ ತಾನಾಗಿ ಹುಟ್ಟಲಿ ಅಂತಲೇ ನಾನು ಕಾಯುತ್ತಿದ್ದೆ. ಹುಡುಕಿದರೆ, ಯುನೆಸ್ಕೊ ಅಂಥ ಘೋಷಣೆಯನ್ನು ಯಾವತ್ತೂ ಮಾಡಿಯೇ ಇಲ್ಲ. ಒಬ್ಬ ಹುಡುಗನಿಗೆ ನಿರಾಸೆಯಾಯಿತು. ಯುನೆಸ್ಕೊ ಹೇಳದೇ ಇದ್ದರೆ ನಮ್ಮ ರಾಷ್ಟ್ರಗೀತೆ ಚೆನ್ನಾಗಿಲ್ವಾ ಅಂತ ಅವನ ಪಕ್ಕದವನು ಕೇಳಿದ. ಅದಕ್ಕೆ ನಾನು ಏನೂ ಸೇರಿಸಲಿಲ್ಲ.

(ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡದವರನ್ನು ಹೊಗಳುವ ಪದ್ಯವೊಂದಿದೆಯಲ್ಲ, ಅದರ "ಕುರಿತೋದದೆಯುಂ" ಅನ್ನುವ ತುಂಡನ್ನು ನವೆಂಬರ್ ಒಂದರಂದು ಮೈಕು ಸಿಕ್ಕವರೆಲ್ಲ ಹೇಳುತ್ತಾರೆ. ಅದೇ ಪದ್ಯದ ಶುರುವಿನಲ್ಲಿ, ಈ ನಾಡಿನವರು ಹದವರಿತು ನುಡಿಯಬಲ್ಲರು, ನುಡಿದದ್ದನ್ನು ಅರಿತು "ಆರಯಲುಂ" ಬಲ್ಲರು ಅಂತಿದೆ. ಆರಯ್ ಅಂದರೆ ವಿಚಾರಿಸಿ ನೋಡು. ಇವತ್ತಿನ "ಆರೈಕೆ"ಯೂ ಅದೇ ಬೇರಿನದು. ಮಾತನ್ನು ಪರೀಕ್ಷಿಸುವುದೂ ರೋಗಿಯನ್ನು ನೋಡಿಕೊಳ್ಳುವುದೂ ಒಂದೇ ಬೇರಿನಿಂದ ಬಂದದ್ದು ನನಗೆ ಬಹಳ ಇಷ್ಟ. ಭಾಷಣದವರಿಗೆ ಈ ಭಾಗ ಯಾಕೋ ನೆನಪಾಗುವುದಿಲ್ಲ.)

ಇಲ್ಲಿಗೆ ಎಲ್ಲ ಸುಸೂತ್ರವಾಯಿತು ಅಂದುಕೊಳ್ಳಬೇಡಿ. ಎರಡೇ ದಿನದಲ್ಲಿ "ಅಂತೆ" ಇಡೀ ಶಾಲೆಗೆ ತುರಿಕೆಯ ಹಾಗೆ ಹಬ್ಬಿತು. "1947ರಲ್ಲಿ ಸ್ವಾತಂತ್ರ್ಯ ಬಂತಂತೆ ಸಾರ್." "ನಿನ್ನೆ ಹೋಮ್‌ವರ್ಕ್ ಕೊಟ್ಟಿದ್ರಂತೆ." ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. "ಏನ್ ಮೇಡಂ ಹೇಳ್ಕೊಟ್ಟಿದೀರ? ಭೂಮಿ ಸೂರ್ಯನ ಸುತ್ತ ಸುತ್ತುತ್ತದಂತೆ ಅಂತಾರಲ್ಲ!" ನಕ್ಕೆ, ಆದರೆ ಒಳಗೆ ಹೆದರಿಕೆಯಾಯಿತು. ಯಾವುದನ್ನೂ ನಂಬದಿರುವುದು ಎಲ್ಲವನ್ನೂ ನಂಬುವಷ್ಟೇ ಸುಲಭ, ಯೋಚನೆಯ ತೊಂದರೆ ಎರಡರಲ್ಲೂ ಇಲ್ಲ. ಮಕ್ಕಳಿಗೆ ನಾನು ಕೊಟ್ಟಿದ್ದು ಅರ್ಧ ಪಾಠ. "ಅಂತೆ" ಸೇರಿಸುವುದನ್ನು ಹೇಳಿಕೊಟ್ಟೆ, ಯಾವಾಗ ತೆಗೆಯಬಹುದು ಅಂತ ಹೇಳಿಕೊಡಲಿಲ್ಲ.

ಆ ಇನ್ನರ್ಧಕ್ಕೆ ಮೂರು ವಾರ ಹಿಡಿಯಿತು. ನನಗೇ ಗೊತ್ತಿರಲಿಲ್ಲವಲ್ಲ. ಮಕ್ಕಳನ್ನೇ ಕೇಳಿದೆ: ಏನಾದರೆ "ಅಂತೆ" ತೆಗೀತೀರಿ? ನಾನೇ ನೋಡಿದ್ರೆ, ಅಂದರು. ಮೋಡಿ ಮಾಡುವವನನ್ನೂ ನೀವೇ ನೋಡುತ್ತೀರಿ ಅಂದೆ. ತುಂಬಾ ಜನ ಹೇಳಿದ್ರೆ. ಆ ತುಂಬಾ ಜನಕ್ಕೂ ಒಬ್ಬನೇ ಹೇಳಿದ್ದರೆ? ಹಾಗಾದ್ರೆ ಒಬ್ಬರಿಗೊಬ್ಬರಿಗೆ ಪರಿಚಯ ಇಲ್ಲದವರು ಹೇಳಿದ್ರೆ. ಹೇಳಿದವರಿಗೆ ಅದರಿಂದ ಲಾಭ ಇಲ್ಲದಿದ್ರೆ. ತಪ್ಪಾಗಿದ್ರೆ ಎಲ್ಲಿ ಸಿಕ್ಕಿಬೀಳ್ತೀವಿ ಅಂತ ಅವರೇ ಹೇಳಿದ್ರೆ. ಈ ಕೊನೆಯದನ್ನು ಹೇಳಿದ ಹುಡುಗ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಏಳು ತೆಗೆಯುವವನು.

ವಿಜ್ಞಾನದ ಮೇಷ್ಟ್ರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೋಪ ಇಳಿದ ಮೇಲೆ ಅವರೇ ಬಂದು "ನಿಜ ಹೇಳ್ಬೇಕಂದ್ರೆ ನಂಗೂ ಅದು ಪುಸ್ತಕದಲ್ಲಿದೆ ಅಂತಷ್ಟೇ ಗೊತ್ತು ಮೇಡಂ. ಒಂದು ವಾರ ಕೊಡಿ" ಅಂದರು. ವಾರದ ನಂತರ ತರಗತಿಯಲ್ಲಿ, ಕೊಪರ್ನಿಕಸ್ ಪುಸ್ತಕ ಬಂದದ್ದು 1543ರಲ್ಲಿ, ಭೂಮಿ ಸುತ್ತುವುದಾದರೆ ಹತ್ತಿರದ ನಕ್ಷತ್ರಗಳು ವರ್ಷದಲ್ಲಿ ಕೊಂಚ ಜರುಗಿದಂತೆ ಕಾಣಬೇಕಲ್ಲ ಅಂತ ವಿರೋಧಿಗಳು ಕೇಳುತ್ತಿದ್ದರು, ಆ ಜರುಗುವಿಕೆಯನ್ನು ಬೆಸೆಲ್ ಅನ್ನುವವನು ಅಳೆದು ತೋರಿಸಿದ್ದು 1838ರಲ್ಲಿ ಅಂತ ಹೇಳಿದರು. ಮುನ್ನೂರು ವರ್ಷ! ಕೇಳಿದವರದ್ದು ದಡ್ಡ ಪ್ರಶ್ನೆಯಲ್ಲ, ಅಳೆಯುವ ಸಾಧನ ಇರಲಿಲ್ಲ ಅಷ್ಟೆ. ಅಷ್ಟು ಉದ್ದದ "ಅಂತೆ"ಯ ಕಥೆ ಕೇಳಿ ಮಕ್ಕಳು ಪಿಟ್ಟೆನ್ನಲಿಲ್ಲ. ಆ ಪೀರಿಯಡ್ಡಿನಲ್ಲಿ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಕರ್ಮಣಿ ಪ್ರಯೋಗದ ಪಾಠದಲ್ಲಿ ಮಾತ್ರ ಸ್ವಲ್ಪ ಬಿಸಿ ತಟ್ಟಿತು. "ರಾಮನು ರಾವಣನನ್ನು ಕೊಂದನು, ರಾಮನಿಂದ ರಾವಣನು ಕೊಲ್ಲಲ್ಪಟ್ಟನು" ಅಂತ ಇಪ್ಪತ್ತು ವರ್ಷ ಬೋರ್ಡಿನ ಮೇಲೆ ರಾವಣನನ್ನು ಎರಡೆರಡು ಸಲ ಕೊಂದವಳು ನಾನು. ಈ ಸಲ ಪೇಪರು ತರಿಸಿದೆ. "ಮರಗಳನ್ನು ತೆರವುಗೊಳಿಸಲಾಯಿತು", "ಕ್ರಮ ಕೈಗೊಳ್ಳಲಾಗುವುದು". ಯಾರು ತೆರವುಗೊಳಿಸಿದರು, ಯಾರು ಕೈಗೊಳ್ಳುತ್ತಾರೆ, ಕರ್ತೃವನ್ನು ಹುಡುಕಿ ಅಂದೆ. ಒಂದು ಹುಡುಗಿ ನಮ್ಮ ಶಾಲೆಯ ನೋಟಿಸ್ ಬೋರ್ಡಿನಿಂದಲೇ ವಾಕ್ಯ ತಂದಳು: "ಶೌಚಾಲಯವನ್ನು ಶೀಘ್ರದಲ್ಲೇ ದುರಸ್ತಿಗೊಳಿಸಲಾಗುವುದು." ಕರ್ತೃ ಯಾರು, ಶೀಘ್ರ ಅಂದರೆ ಯಾವ ತಾರೀಕು? ಪತ್ರಲೇಖನದ ಪಾಠ ಹೇಗೂ ಬಾಕಿ ಇತ್ತು. "ಇಂದ, ಗೆ, ಮಾನ್ಯರೇ, ವಿಷಯ" ಎಲ್ಲ ಕ್ರಮವಾಗಿ ಬರೆದು ಸಹಿ ಹಾಕಿ ಮಕ್ಕಳು ಕೊಟ್ಟೇಬಿಟ್ಟರು. ಹೆಡ್‌ಮಾಸ್ಟರು ನನ್ನನ್ನು ಕರೆಸಿ, "ವ್ಯಾಕರಣ ಕಲಿಸಿ ಅಂದ್ರೆ ಅರ್ಜಿ ಬರೆಸ್ತೀರಲ್ಲ" ಅಂದರು. ಆ ಪತ್ರದಲ್ಲಿ ಒಂದೇ ಒಂದು ಕಾಗುಣಿತ ತಪ್ಪು ಇರಲಿಲ್ಲ, ಸಾರ್ ಅಂದೆ. ಅದು ನಿಜ. ತಮ್ಮ ಪತ್ರವನ್ನು ಯಾರೋ ನಿಜವಾಗಿ ಓದುತ್ತಾರೆ ಅಂತ ಗೊತ್ತಾದಾಗ ಅವರು ನಾಲ್ಕು ಸಲ ತಿದ್ದಿ ಬರೆದಿದ್ದರು. ಬಾಗಿಲಿನ ಚಿಲಕ ಮಾತ್ರ ಸರಿಹೋಯಿತು, ಉಳಿದದ್ದು ಈಗಲೂ "ಲಾಗುವುದು".

ನನ್ನ ಗಣಿತದ ಸಹೋದ್ಯೋಗಿಯೊಬ್ಬರಿಗೆ ಇದೆಲ್ಲ ಹೊಟ್ಟೆ ತುಂಬಿದವರ ಆಟ ಅನಿಸುತ್ತದೆ. "ಎಂಟನೇ ಕ್ಲಾಸಿಗೆ ಬರೋ ಮಕ್ಕಳಿಗೆ ಒತ್ತಕ್ಷರ ಓದಕ್ಕೆ ಬರಲ್ಲ. ಮೊದಲು ಓದು, ಬರಹ. ವಿಮರ್ಶೆ ಆಮೇಲೆ" ಅನ್ನುತ್ತಾರೆ. ಅವರ ಮಾತಿನ ಮೊದಲ ಭಾಗಕ್ಕೆ ನನ್ನ ಬಳಿ ಉತ್ತರವಿಲ್ಲ. ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ಅಕ್ಷರ ಅಕ್ಷರ ಕೂಡಿಸಿ ಓದುವವರು. ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ ಇದೆ, ಕಾರ್ಡುಗಳಿವೆ, ಹಾಡುಗಳಿವೆ. ಆಮೇಲೆ ನಾಲ್ಕರಿಂದ ಏಳರ ನಡುವೆ ಏನಾಗುತ್ತದೋ, ಮಕ್ಕಳು ಬರುವ ಹೊತ್ತಿಗೆ ಪ್ರಶ್ನೋತ್ತರ ನಕಲು ಮಾಡುವ ಕೈಗಳಾಗಿರುತ್ತಾರೆ. ಅಕ್ಷರ ಮುತ್ತಿನಂತಿರುತ್ತದೆ, ಬರೆದದ್ದನ್ನು ಓದು ಅಂದರೆ ತಡವರಿಸುತ್ತಾರೆ.

ಆದರೆ "ಆಮೇಲೆ" ಅನ್ನುವುದನ್ನು ಒಪ್ಪಲಾರೆ. ಓದಲು ಬಾರದ ಹುಡುಗನೊಬ್ಬ, ಅದೇ ಫಾರ್ವರ್ಡು ತಂದವರಲ್ಲಿ ಒಬ್ಬ, ಮನೆಯಲ್ಲಿ ಅಕ್ಕನಿಂದ ಓದಿಸಿಕೊಂಡು, ಬಾಯಿಪಾಠ ಮಾಡಿಕೊಂಡು ಬಂದಿದ್ದ. ತರಗತಿಯಲ್ಲಿ ಅದು ಸುಳ್ಳು ಅಂತ ಒಬ್ಬರು ಅಂದಾಗ, "ಇಲ್ಲ, ಇಲ್ಲೇ ಬರೆದಿದೆ" ಅಂತ ಸಾಬೀತು ಮಾಡಲು ಬೆರಳಿಟ್ಟು ಒಂದೊಂದೇ ಪದ ಕೂಡಿಸಿದ. ಪಾಠ ಓದು ಅಂದಾಗ ಅಷ್ಟು ಹೊತ್ತು ಅವನು ಒಂದು ಸಾಲಿನ ಮೇಲೆ ನಿಂತಿದ್ದನ್ನು ನಾನು ಕಂಡಿರಲಿಲ್ಲ. ಜಗಳ ಗೆಲ್ಲಬೇಕಿತ್ತು, ಅದಕ್ಕೆ ಓದು ಬೇಕಾಯಿತು. ಅವನು ವರ್ಷದ ಕೊನೆಗೆ ಪುಟಗಟ್ಟಲೆ ಓದಿಬಿಟ್ಟ ಅಂತ ಹೇಳಿ ನಿಮ್ಮನ್ನು ಮೆಚ್ಚಿಸುವುದಿಲ್ಲ. ಸ್ವಲ್ಪ ಸುಧಾರಿಸಿದ, ಆಮೇಲೆ ಶಾಲೆ ಬಿಟ್ಟ.

ಈಗ ನನ್ನ ಪ್ರಶ್ನೆಪತ್ರಿಕೆಯಲ್ಲಿ ಗಾದೆಯ ಪ್ರಶ್ನೆ ಬೇರೆ ಥರ ಇದೆ. "ಈ ಗಾದೆ ನಿಜ ಅನಿಸಿದ ಒಂದು ಸಂದರ್ಭ, ಸುಳ್ಳು ಅನಿಸಿದ ಒಂದು ಸಂದರ್ಭ ಬರೆಯಿರಿ. ಗಾದೆಯ ಮಾತನ್ನು ನೀವಾದರೆ ಹೇಗೆ ತಿದ್ದುತ್ತೀರಿ?" ತಿದ್ದಲು ಗಂಟೆಗಟ್ಟಲೆ ಹಿಡಿಯುತ್ತದೆ. "ಮಾತು ಬೆಳ್ಳಿ, ಮೌನ ಬಂಗಾರ" ಕೊಟ್ಟಾಗ ಒಬ್ಬಳು, ಹೊಡೆಯುವವನ ಮುಂದೆ ಮೌನ ಯಾರಿಗೆ ಬಂಗಾರ ಅಂತ ಕೇಳಿದ್ದಳು. ಆ ಪತ್ರಿಕೆ ತಿದ್ದಿದ ಮೇಲೆ ಅವಳನ್ನು ಕರೆದು ಬಹಳ ಹೊತ್ತು ಮಾತಾಡಿಸಬೇಕಾಯಿತು. ಗಾದೆಯ ಪ್ರಶ್ನೆಯಿಂದ ಮನೆಯ ಒಳಗಿನ ಸಂಗತಿ ತಿಳಿಯುತ್ತದೆ ಅಂತ ಇಪ್ಪತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದ ಅದೇ ಗಾದೆಯನ್ನು ಸುಣ್ಣ ಬಳಿಸುವಾಗ ಅಳಿಸಿ ಅಂದೆ. ಯಾಕೆ ಅಂತ ಯಾರೂ ಕೇಳಲಿಲ್ಲ.

ಇದು ಎಂಟು, ಒಂಬತ್ತರ ಮಾತು. ಹತ್ತಕ್ಕೆ ಬಂದಾಗ ನನ್ನ ಧೈರ್ಯ ಕೈಕೊಡುತ್ತದೆ. ಅವರ ಪತ್ರಿಕೆ ತಿದ್ದುವವರು ಎಲ್ಲೋ ದೂರದ ಮೌಲ್ಯಮಾಪನ ಕೇಂದ್ರದಲ್ಲಿರುತ್ತಾರೆ. ಕೈಯಲ್ಲಿ ಮಾದರಿ ಉತ್ತರ, ಮುಂದೆ ಕಟ್ಟು ಕಟ್ಟು ಪತ್ರಿಕೆ. ಅವರೂ ನನ್ನಂಥವರೇ, ಕಾಗದದ ಮೇಲೆ ಕಣ್ಣು ಓಡಿಸಿ ಟಿಕ್ಕು ಹಾಕುವವರು. ಮಗುವಿನ ಮೂರು ಅಂಕವನ್ನು ನನ್ನ ಸುಧಾರಣೆಗೆ ಪಣ ಇಡುವ ಹಕ್ಕು ನನಗಿದೆಯೇ? ಹಾಗಾಗಿ ಜನವರಿ ಬಂದರೆ ಬೋರ್ಡಿನ ಮೇಲೆ ಮತ್ತೆ ಅದನ್ನೇ ಬರೆಯುತ್ತೇನೆ, ಗಾದೆಗಳು ವೇದಗಳಿಗೆ ಸಮಾನ. ಮಕ್ಕಳು ನನ್ನ ಮುಖ ನೋಡುತ್ತಾರೆ. ನಾನು ಬೋರ್ಡಿನ ಕಡೆ ತಿರುಗಿಕೊಂಡಿರುತ್ತೇನೆ.

ಮೊದಲ ಪತ್ರಿಕೆಯ ಆ ಹುಡುಗಿಯೂ ಹತ್ತಕ್ಕೆ ಬಂದಳು. ಅಷ್ಟರಲ್ಲಿ ಒಂಬತ್ತರ ಅಂಕ ರಿಜಿಸ್ಟರಿಗೆ ಏರಿ ಹೋಗಿತ್ತು, ತಿದ್ದಲಾಗಲಿಲ್ಲ. ಅವಳ ಪತ್ರಿಕೆ ಮಾತ್ರ ನನ್ನ ಬಳಿಯೇ ಇದೆ, ಕೆಂಪು ಸುತ್ತಿನ ಸಮೇತ. ಬೋರ್ಡ್ ಪರೀಕ್ಷೆಯ ಕನ್ನಡ ಪತ್ರಿಕೆ ಮುಗಿಸಿ ಹೊರಗೆ ಬಂದವಳನ್ನು ಗೇಟಿನ ಹತ್ತಿರ ನಿಲ್ಲಿಸಿ, ಗಾದೆಗೆ ಏನು ಬರೆದೆ ಅಂತ ಕೇಳಿದೆ. ಕೇಳುವಾಗ ಅವಳು ಯಾವ ಉತ್ತರ ಕೊಡಲಿ ಅಂತ ನನಗೆ ಆಸೆಯಿತ್ತೋ, ಈಗಲೂ ಸರಿಯಾಗಿ ಹೇಳಲಾರೆ.

"ನೀವು ಹೇಳ್ಕೊಟ್ಟಿದ್ದೇ ಬರ್ದೆ ಮೇಡಂ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ."

ಬರೆಯುವಾಗಲೂ "ಅಂತೆ" ಸೇರಿಸಿದೆಯಾ ಅಂತ ಗಾಬರಿಯಿಂದ ಕೇಳಿದೆ.

"ಇಲ್ಲ ಮೇಡಂ," ಅಂದಳು. "ಪೇಪರ್ರಲ್ಲಿ ಸೇರಿಸ್ಲಿಲ್ಲ."